ಕ್ಯಾಲಿಫೋರ್ನಿಯಾದ ಲೈಂಗಿಕ ಅಪರಾಧಿಗಳ ಪಟ್ಟಿ: ಯಾರು ಸೇರುತ್ತಾರೆ, ಎಷ್ಟು ವರ್ಷ, ಹೊರಗೆ ಬರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

"ಕೇಸು ಮುಗಿದು ಹನ್ನೆರಡು ವರ್ಷ ಆಯ್ತು, ಇನ್ನು ಹೆಸರು ತಾನಾಗೇ ಹೋಗುತ್ತದೆ ಅಲ್ವಾ?" ಈ ಪ್ರಶ್ನೆಗೆ ಉತ್ತರ ಒಂದೇ: ಹೋಗುವುದಿಲ್ಲ. ನೀವಾಗಿ ಕೋರ್ಟಿಗೆ ಹೋಗಿ ಕೇಳಬೇಕು, ಕೇಳಿದ ಮೇಲೂ ಆದೇಶ ಕೈಗೆ ಬರುವ ತನಕ ನೋಂದಣಿ ಮಾಡಿಸುತ್ತಲೇ ಇರಬೇಕು. ಕೆಳಗಿರುವ ಎಲ್ಲದರಲ್ಲೂ ಇದೊಂದನ್ನು ಮರೆಯಬೇಡಿ.

ಇಲ್ಲಿ ಹೇಳಿರುವುದು ಕ್ಯಾಲಿಫೋರ್ನಿಯಾದ ಕಾನೂನು. ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ. ನಮ್ಮವರ ಮನೆಗಳಲ್ಲಿ ಈ ವಿಷಯ ಬಾಯಿಬಿಟ್ಟು ಮಾತಾಡುವಂಥದ್ದಲ್ಲ. ಅದಕ್ಕೇ ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಜಾಸ್ತಿ ಓಡಾಡುತ್ತದೆ. ಇದನ್ನು ಓದಿಕೊಂಡು ವಕೀಲರ ಹತ್ತಿರ ಹೋಗಿ, ವಕೀಲರ ಬದಲಿಗೆ ಇದನ್ನು ಇಟ್ಟುಕೊಳ್ಳಬೇಡಿ.

ಈ ನೋಂದಣಿ ಅಂದರೆ ಏನು?

ಕೆಲವು ಲೈಂಗಿಕ ಅಪರಾಧಗಳಲ್ಲಿ ಶಿಕ್ಷೆಯಾದವರು ತಾವು ಎಲ್ಲಿದ್ದೇವೆ ಎಂದು ಪೊಲೀಸರಿಗೆ ಆಗಾಗ ಹೋಗಿ ತಿಳಿಸುತ್ತಿರಬೇಕು. ಅಷ್ಟೇ ಅದರ ತಿರುಳು. ಕ್ಯಾಲಿಫೋರ್ನಿಯಾದಲ್ಲಿ ಇದು 1947ರಿಂದ ಇದೆ, ದಂಡ ಸಂಹಿತೆಯ 290ನೇ ಸೆಕ್ಷನ್. ಅದಕ್ಕೇ ಇಲ್ಲಿನ ವಕೀಲರ ಬಾಯಲ್ಲಿ ಇದು ಬರೀ "ಟೂ ನೈಂಟಿ". ಜನರಿಗೂ ಹೆಸರು ಗೊತ್ತಾಗಬೇಕು ಅನ್ನುವ ಮಾತು ಬಂದಿದ್ದು ಆಮೇಲೆ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಮೇಗನ್ ಕಾಂಕಾ ಎಂಬ ಏಳು ವರ್ಷದ ಹುಡುಗಿಯನ್ನು ಎದುರು ಮನೆಯವನೇ ಕೊಂದ. ಅವನಿಗೆ ಮೊದಲೇ ಇಂಥ ಅಪರಾಧದಲ್ಲಿ ಶಿಕ್ಷೆಯಾಗಿತ್ತು, ಆ ಮನೆಯವರಿಗೆ ಗೊತ್ತಿರಲಿಲ್ಲ. ಪಟ್ಟಿಯನ್ನು ಜನರಿಗೂ ತೋರಿಸುವ ಕಾನೂನಿಗೆ ಮೇಗನ್ಸ್ ಲಾ ಎಂಬ ಹೆಸರು ಅಲ್ಲಿಂದ ಬಂತು. ಪಟ್ಟಿಯಲ್ಲಿರುವವರ ಕಷ್ಟದ ಬಗ್ಗೆ ಕೆಳಗೆ ಬೇಕಾದಷ್ಟು ಬರೆದಿದ್ದೇನೆ, ಆದರೆ ಈ ಕಾನೂನು ಗಾಳಿಯಲ್ಲಿ ಹುಟ್ಟಿದ್ದಲ್ಲ.

ಯಾವ ಅಪರಾಧಕ್ಕೆ ನೋಂದಣಿ ಕಡ್ಡಾಯ?

ಪಟ್ಟಿ ಉದ್ದ ಇದೆ. ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ, ಮಕ್ಕಳ ಅಶ್ಲೀಲ ಚಿತ್ರ ಇಟ್ಟುಕೊಳ್ಳುವುದು ಇವೆಲ್ಲ ಎಲ್ಲರೂ ಊಹಿಸುವಂಥವು. ಜನ ಊಹಿಸದೇ ಇರುವುದು ಸಣ್ಣವು: ಒಪ್ಪಿಗೆಯಿಲ್ಲದೆ ಮುಟ್ಟಿದ ಕೇಸು ಮಿಸ್‌ಡಿಮೀನರ್ (ಸಣ್ಣ ಅಪರಾಧ) ಆಗಿದ್ದರೂ, ಸಾರ್ವಜನಿಕವಾಗಿ ಬೆತ್ತಲೆ ತೋರಿಸಿದ್ದಕ್ಕೂ ನೋಂದಣಿ ಬರುತ್ತದೆ. "ಪ್ರಯತ್ನ" ಕೂಡ ಲೆಕ್ಕಕ್ಕಿದೆ. ಆನ್‌ಲೈನ್ ಚಾಟಿನಲ್ಲಿ ಹದಿಮೂರರ ಹುಡುಗಿ ಎಂದು ಮಾತಾಡಿದ್ದು ನಿಜಕ್ಕೂ ಪೊಲೀಸ್, ಅಲ್ಲಿ ಮಗುವೇ ಇರಲಿಲ್ಲ ಎಂಬುದು ಉಳಿಸುವುದಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಬಂದ ಹುಡುಗರ ಅಪ್ಪ ಅಮ್ಮ ಊರಿನಿಂದ ಫೋನ್ ಮಾಡಿ ಮೊದಲು ಕೇಳುವುದೇ ಇದನ್ನು, ಪಾಪ.

ಇನ್ನೊಂದು ಕಡೆ, ಹದಿನೆಂಟು ತುಂಬದವರ ಜೊತೆ ಒಪ್ಪಿಗೆಯ ಸಂಭೋಗಕ್ಕೆ ಇಲ್ಲಿ 261.5 ಎಂಬ ಬೇರೆ ಸೆಕ್ಷನ್ ಇದೆ. ಅದು ಅಪರಾಧವೇ, ಆದರೆ ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಜಡ್ಜ್ ಬೇಕೆಂದರೆ ಹಾಕಬಹುದು. ಚಾರ್ಜ್ ಯಾವ ಸೆಕ್ಷನ್ನಿನಲ್ಲಿದೆ, ಪ್ಲೀ (ತಪ್ಪೊಪ್ಪಿಗೆ) ಯಾವುದಕ್ಕೆ ಆಯಿತು ಎಂಬ ಒಂದು ಸಾಲಿನ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ.

ಎಷ್ಟು ವರ್ಷ ನೋಂದಣಿ ಮಾಡಿಸಬೇಕು?

2021ಕ್ಕಿಂತ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರಿಗೂ ಒಂದೇ ಉತ್ತರ: ಸಾಯುವ ತನಕ. ಪಾರ್ಕಿನಲ್ಲಿ ಪ್ಯಾಂಟ್ ಬಿಚ್ಚಿದವನಿಗೂ ಅದೇ, ಮಗುವನ್ನು ಹಾಳು ಮಾಡಿದವನಿಗೂ ಅದೇ. ಪಟ್ಟಿ ಬೆಳೆದು ಬೆಳೆದು ನಿಜವಾಗಿ ಕಣ್ಣಿಡಬೇಕಾದವರ ಮೇಲೆ ಕಣ್ಣಿಡಲು ಪೊಲೀಸರಿಗೇ ಕಷ್ಟವಾಯಿತು. 2017ರಲ್ಲಿ ಎಸ್‌ಬಿ 384 ಎಂಬ ಮಸೂದೆಗೆ ಆಗಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. 2021ರ ಜನವರಿ 1ರಿಂದ ಮೂರು ಟಯರ್, ಅಂದರೆ ಹಂತಗಳು, ಬಂದವು.

ಒಂದನೇ ಟಯರ್ ಕನಿಷ್ಠ 10 ವರ್ಷ. ಮಿಸ್‌ಡಿಮೀನರುಗಳು, ಗಂಭೀರ ಅಥವಾ ಹಿಂಸಾತ್ಮಕ ಅಂತ ಕಾನೂನು ಹೆಸರಿಸದ ಫೆಲನಿಗಳು (ದೊಡ್ಡ ಅಪರಾಧಗಳು) ಸಾಮಾನ್ಯವಾಗಿ ಇಲ್ಲಿ. ಎರಡನೇ ಟಯರ್ ಕನಿಷ್ಠ 20 ವರ್ಷ. 14 ವರ್ಷದೊಳಗಿನ ಮಗುವಿನ ಜೊತೆಗಿನ ಅಶ್ಲೀಲ ವರ್ತನೆಯ ಒಂದು ಶಿಕ್ಷೆ ಇದ್ದರೆ ಸಾಮಾನ್ಯವಾಗಿ ಇಲ್ಲಿಗೆ ಬರುತ್ತದೆ. ಮೂರನೇ ಟಯರ್ ಜೀವನಪರ್ಯಂತ: 10 ವರ್ಷ ಅಥವಾ ಅದಕ್ಕಿಂತ ಸಣ್ಣ ಮಗುವಿನ ಜೊತೆಗಿನ ಸಂಭೋಗ, ಮಗುವಿನ ಮೇಲೆ ಪದೇ ಪದೇ ನಡೆದ ದೌರ್ಜನ್ಯ, ಜೀವಾವಧಿ ಶಿಕ್ಷೆಯ ಕೇಸುಗಳು, ಹೀಗೆ.

"ಕನಿಷ್ಠ" ಅನ್ನುವುದನ್ನು ಗಮನಿಸಿ. 10 ವರ್ಷಕ್ಕೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತಟ್ಟುವ ಹಕ್ಕು ಬರುತ್ತದೆ. ಎಣಿಕೆ ಶುರುವಾಗುವುದು ಅರೆಸ್ಟ್ ಆದ ದಿನದಿಂದ ಅಲ್ಲ, ಆ ಕೇಸಿನಲ್ಲಿ ಜೈಲಿನಿಂದ ಹೊರಬಂದ ದಿನದಿಂದ. ಆಮೇಲೆ ಬೇರೆ ಕೇಸಿನಲ್ಲಿ ಒಳಗೆ ಹೋದರೆ ಆ ಸಮಯ ಲೆಕ್ಕಕ್ಕಿಲ್ಲ.

ನನ್ನ ಟಯರ್ ಯಾವುದು ಎಂದು ಹೇಗೆ ತಿಳಿಯುವುದು?

ಟಯರ್ ನಿರ್ಧರಿಸುವುದು ರಾಜ್ಯದ ನ್ಯಾಯ ಇಲಾಖೆ. ನೀವು ನೋಂದಣಿ ಮಾಡಿಸುವ ಪೊಲೀಸ್ ಅಥವಾ ಶೆರಿಫ್ ಕಚೇರಿಯಲ್ಲಿ ಕೇಳಿದರೆ ಪತ್ರ ಸಿಗುತ್ತದೆ. ಬೇರೆ ರಾಜ್ಯದಲ್ಲಿ ಶಿಕ್ಷೆಯಾಗಿದ್ದರೆ ಇಲ್ಲಿನ ಯಾವ ಸೆಕ್ಷನ್ನಿಗೆ ಅದು ಸಮ ಎಂದು ನೋಡುತ್ತಾರೆ. ಅದು ತೀರ್ಮಾನ ಆಗುವ ತನಕ "ಟಯರ್ ಇನ್ನೂ ನಿರ್ಧಾರವಾಗಿಲ್ಲ" ಎಂದು ಇಟ್ಟಿರಬಹುದು, ಹೆಚ್ಚೆಂದರೆ 24 ತಿಂಗಳು. ಪತ್ರದಲ್ಲಿ ತಪ್ಪು ಟಯರ್ ಇದ್ದರೆ ಸುಮ್ನೆ ಇರಬೇಡಿ, ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ.

ವರ್ಷಕ್ಕೊಮ್ಮೆ ಹೋದಾಗ ಏನು ನಡೆಯುತ್ತದೆ?

ಹುಟ್ಟುಹಬ್ಬದ ಐದು ಕೆಲಸದ ದಿನಗಳೊಳಗೆ ಹೋಗಬೇಕು. ಗಡುವು ಹುಟ್ಟಿದ ದಿನಕ್ಕೇ ಅಂಟಿಕೊಂಡಿರುವುದರಿಂದ ಯಾರಿಗೂ ದಿನಾಂಕ ಮರೆತುಹೋಯಿತು ಎನ್ನಲು ಆಗುವುದಿಲ್ಲ. ಹಲವು ಊರುಗಳಲ್ಲಿ ಮೊದಲೇ ಫೋನ್ ಮಾಡಿ ಸಮಯ ತಗೊಳ್ಳಬೇಕು, ಮತ್ತು ಆ ಸಮಯ ಐದು ದಿನ ದಾಟಿ ಸಿಕ್ಕರೆ ತಲೆನೋವು ನಿಮ್ಮದೇ. ಹಾಗಾಗಿ ತಿಂಗಳ ಮುಂಚೆಯೇ ಫೋನ್ ಮಾಡಿ. ಯಾರ ಜೊತೆ ಮಾತಾಡಿದಿರಿ, ಯಾವತ್ತು ಎಂದು ಬರೆದಿಟ್ಟುಕೊಳ್ಳಿ.

ಒಳಗೆ ಒಂದು ಫಾರ್ಮ್ ಕೊಡುತ್ತಾರೆ. ವಿಳಾಸ, ಕೆಲಸದ ಜಾಗ, ಓಡಿಸುವ ಕಾರಿನ ನಂಬರು. ಬೆರಳಚ್ಚು, ಫೋಟೊ. ಆಮೇಲೆ ನಿಯಮಗಳ ಸಾಲು ಸಾಲು, ಒಂದೊಂದನ್ನೂ ಓದಿ ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಹಾಕಬೇಕು. ಎಲ್ಲರೂ ಓದದೇ ಹಾಕುತ್ತಾರೆ. ಓದಿ. ನಾಳೆ ಕೋರ್ಟಿನಲ್ಲಿ "ನನಗೆ ಗೊತ್ತಿರಲಿಲ್ಲ" ಎಂದರೆ ಡಿಎ (ಕೇಸು ನಡೆಸುವ ಸರ್ಕಾರಿ ವಕೀಲರು) ಎತ್ತಿ ತೋರಿಸುವುದು ಅದೇ ಹಾಳೆಯನ್ನು. ಹೊರಡುವಾಗ ನೋಂದಣಿ ಆಗಿದ್ದಕ್ಕೆ ಪುರಾವೆಯ ಪ್ರತಿ ಕೇಳಿ ತಗೊಂಡು ಬನ್ನಿ, ಪ್ರತಿ ವರ್ಷದ್ದನ್ನೂ ಒಂದು ಫೈಲಿನಲ್ಲಿ ಇಡಿ.

ವರ್ಷದ ಮಧ್ಯೆ ಮನೆ ಬದಲಿಸಿದರೂ ಐದು ಕೆಲಸದ ದಿನ. ಬಿಟ್ಟು ಹೋಗುವ ಊರಿನಲ್ಲೂ ಹೇಳಬೇಕು, ಸೇರುವ ಊರಿನಲ್ಲೂ ಹೇಳಬೇಕು. ಹೆಸರು ಬದಲಿಸಿದರೂ ಹಾಗೇ. ಎರಡು ಮನೆಯಲ್ಲಿ ವಾಸ ಇದ್ದರೆ ಎರಡೂ ಕಡೆ. ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಓದುವುದು, ಕೆಲಸ ಮಾಡುವುದು ಇದ್ದರೆ ಕ್ಯಾಂಪಸ್ ಪೊಲೀಸರ ಹತ್ತಿರ ಇನ್ನೊಂದು. ನಿಂತ ಮನೆ ಇಲ್ಲದವರು 30 ದಿನಕ್ಕೊಮ್ಮೆ ಹೋಗಬೇಕು. ಮನೆ ಇದ್ದವನಿಗೆ ವರ್ಷಕ್ಕೆ ಒಂದು ಸಲ, ಬೀದಿಯಲ್ಲಿ ಮಲಗುವವನಿಗೆ ಕನಿಷ್ಠ ಹನ್ನೆರಡು ಸಲ. ಜಾಸ್ತಿ ತಪ್ಪುವುದು ಯಾರಿಗೆ ಎಂದು ಬೇರೆ ಹೇಳಬೇಕೆ?

ಒಂದು ಸಲ ತಪ್ಪಿದರೆ ಏನಾಗುತ್ತದೆ?

ಬೇಕೆಂದೇ ತಪ್ಪಿಸಿದರೆ ಅದೇ ಹೊಸ ಅಪರಾಧ. ಮೂಲ ಕೇಸು ಮಿಸ್‌ಡಿಮೀನರ್ ಆಗಿದ್ದರೆ ಕೌಂಟಿ (ಜಿಲ್ಲೆ) ಜೈಲಿನಲ್ಲಿ ಒಂದು ವರ್ಷದ ತನಕ. ಫೆಲನಿ ಆಗಿದ್ದರೆ 16 ತಿಂಗಳು, 2 ವರ್ಷ ಅಥವಾ 3 ವರ್ಷ ಜೈಲು. ಇದರ ಮೇಲೆ ನಿಮ್ಮ ಟಯರಿನ ಅವಧಿಯೂ ಬೆಳೆಯುತ್ತದೆ: ಮಿಸ್‌ಡಿಮೀನರ್ ಶಿಕ್ಷೆ ಒಂದಕ್ಕೆ 1 ವರ್ಷ, ಫೆಲನಿ ಶಿಕ್ಷೆ ಒಂದಕ್ಕೆ 3 ವರ್ಷ. ದಿನ ದಾಟಿದೆ ಎಂದು ಗೊತ್ತಾದ ಕೂಡಲೇ ವಕೀಲರಿಗೆ ಫೋನ್ ಮಾಡಿ. ಹೆದರಿ ಮನೆಯಲ್ಲಿ ಕೂತಷ್ಟು ದಿನ ಅದು "ಬೇಕೆಂದೇ" ಅನ್ನುವುದರ ಹತ್ತಿರ ಹೋಗುತ್ತದೆ.

ಹೆಸರು ತೆಗೆಸಲು ಅರ್ಜಿ ಹೇಗೆ ಹಾಕುವುದು?

2021ರ ಜುಲೈ 1ರಿಂದ ಈ ದಾರಿ ತೆರೆದಿದೆ. ಅವಧಿ ಮುಗಿದ ಕೂಡಲೇ ಓಡಬೇಡಿ, ಅವಧಿ ಮುಗಿದ ನಂತರ ಬರುವ ಹುಟ್ಟುಹಬ್ಬ ಕಳೆಯಬೇಕು. ಆ ವರ್ಷದ ನೋಂದಣಿ ಮಾಡಿಸಿ, ಅದರ ಪುರಾವೆ ಜೊತೆಗಿಟ್ಟು, ನೀವು ಈಗ ನೋಂದಣಿಯಾಗಿರುವ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ಸಿಆರ್-415 ಎಂಬ ಫಾರ್ಮ್ ಸಲ್ಲಿಸಬೇಕು. ಅದರ ಪ್ರತಿ ನಿಮ್ಮ ನೋಂದಣಿ ಕಚೇರಿಗೆ ಮತ್ತು ಡಿಎ ಕಚೇರಿಗೆ ತಲುಪಬೇಕು. ಶಿಕ್ಷೆಯಾಗಿದ್ದು ಬೇರೆ ಕೌಂಟಿಯಲ್ಲಾದರೆ ಅಲ್ಲಿನ ಪೊಲೀಸರಿಗೂ ಡಿಎಗೂ ತಲುಪಬೇಕು. ಹೀಗೆ ತಲುಪಿಸಿದ್ದಕ್ಕೆ ಸಿಆರ್-416. ಈ ತಲುಪಿಸುವ ಕೆಲಸ ಸಣ್ಣದು ಎಂದು ಕಾಣುತ್ತದೆ, ಅರ್ಜಿ ಮುಗ್ಗರಿಸುವುದು ಇಂಥ ಕಡೆಯೇ. ಸ್ಯಾನ್ ಹೋಸೆಯಲ್ಲಿ ಮನೆ, ಹಳೇ ಕೇಸು ಲಾಸ್ ಏಂಜಲಿಸ್‌ನದು ಅಂದರೆ ನಾಲ್ಕು ಕಡೆಗೆ ಪ್ರತಿ ಹೋಗಬೇಕು.

ಆಮೇಲೆ ಪೊಲೀಸರಿಗೆ 60 ದಿನ, ನೀವು ಅವಧಿ ಪೂರೈಸಿದ್ದೀರಾ ಎಂದು ವರದಿ ಕೊಡಲು. ಆ ವರದಿ ಬಂದ ಮೇಲೆ ಡಿಎಗೆ 60 ದಿನ, ವಿಚಾರಣೆ ಬೇಕು ಎಂದು ಕೇಳಲು. ಡಿಎ ಕೇಳದಿದ್ದರೆ, ಎಲ್ಲ ಸರಿಯಿದ್ದರೆ, ಜಡ್ಜ್ ವಿಚಾರಣೆ ಇಲ್ಲದೆಯೇ ಆದೇಶ ಕೊಡುತ್ತಾರೆ.

ಜೈಲು, ಪರೋಲ್ (ಜೈಲಿನ ನಂತರದ ನಿಗಾ), ಪ್ರೊಬೇಷನ್ನಿನಲ್ಲಿ (ಕೋರ್ಟು ಹಾಕಿದ ನಿಗಾ) ಇರುವಾಗ ಅರ್ಜಿ ಹಾಕಬೇಡಿ. ಅವಧಿಯನ್ನೋ ಟಯರನ್ನೋ ಬದಲಿಸಬಲ್ಲ ಹೊಸ ಕೇಸು ಬಾಕಿ ಇದ್ದಾಗಲೂ ಬೇಡ, ನಿಲ್ಲುವುದಿಲ್ಲ.

ಡಿಎ ವಿರೋಧಿಸಿದರೆ ಕಥೆ ಮುಗಿಯಿತಾ?

ಇಲ್ಲ. ನೋಂದಣಿ ಮುಂದುವರಿದರೆ ಸಮಾಜದ ಸುರಕ್ಷತೆ ಗಣನೀಯವಾಗಿ ಹೆಚ್ಚುತ್ತದೆ ಎಂದು ಡಿಎ ತೋರಿಸಬೇಕು. "ಆಗ ಮಾಡಿದ್ದು ಕೆಟ್ಟ ಕೆಲಸ" ಎಂದಷ್ಟೇ ಹೇಳಿದರೆ ಸಾಲದು. ಜಡ್ಜ್ ನೋಡುವುದು ಇವನ್ನು: ಆಗ ಏನು ನಡೆಯಿತು, ಎಷ್ಟು ಜನಕ್ಕೆ ಅನ್ಯಾಯ ಆಯಿತು, ಅವರ ವಯಸ್ಸೆಷ್ಟು, ಅಪರಿಚಿತರಾ (24 ಗಂಟೆಗಿಂತ ಕಡಿಮೆ ಪರಿಚಯ ಇದ್ದರೂ ಅಪರಿಚಿತರೇ), ಆಮೇಲೆ ಎಷ್ಟು ವರ್ಷ ಸರಿಯಾಗಿ ಬದುಕಿದ್ದಾರೆ, ಚಿಕಿತ್ಸಾ ಕಾರ್ಯಕ್ರಮ ಮುಗಿಸಿದ್ದಾರಾ, ಈಗಿನ ಅಪಾಯದ ಅಂದಾಜು ಏನು.

ಇಲ್ಲಿ ಪೇಪರ್ ಮಾತಾಡುತ್ತದೆ. ಚಿಕಿತ್ಸೆ ಮುಗಿಸಿದ ಪತ್ರ, ಕೆಲಸದ ದಾಖಲೆ, ಹತ್ತಿರದಿಂದ ನೋಡಿದವರ ಪತ್ರ. "ತುಂಬಾ ಒಳ್ಳೆಯ ಹುಡುಗ, ದೇವರಂಥವನು" ಎಂದು ಕನ್ನಡ ಕೂಟದ ಹತ್ತು ಜನ ಒಂದೇ ಒಕ್ಕಣೆಯಲ್ಲಿ ಬರೆದುಕೊಟ್ಟರೆ ಉಪಯೋಗವಿಲ್ಲ. ಆಗಿದ್ದೇನು ಎಂದು ಗೊತ್ತಿದ್ದೂ ಬರೆದ ಒಂದು ಪತ್ರದ ತೂಕ ಅದಕ್ಕಿಂತ ಜಾಸ್ತಿ. ಮತ್ತೆ, ದಯವಿಟ್ಟು, ಆಗ ಅನುಭವಿಸಿದವರನ್ನು ಹುಡುಕಿಕೊಂಡು ಹೋಗಿ ಪತ್ರ ಕೇಳುವ ಕೆಲಸ ಯಾರೂ ಮಾಡಬೇಡಿ.

ತಿರಸ್ಕಾರವಾದರೆ ಮತ್ತೆ ಯಾವಾಗ ಕೇಳಬಹುದು ಎಂದು ಜಡ್ಜೇ ಹೇಳುತ್ತಾರೆ, ಒಂದು ವರ್ಷಕ್ಕಿಂತ ಕಡಿಮೆ ಇಲ್ಲ, ಐದಕ್ಕಿಂತ ಜಾಸ್ತಿ ಇಲ್ಲ.

20 ವರ್ಷಕ್ಕಿಂತ ಮೊದಲು ಎರಡನೇ ಟಯರಿನಿಂದ ಬಿಡುಗಡೆ ಉಂಟಾ? ಮೂರನೆಯದರಿಂದ?

ಎರಡನೆಯದರಲ್ಲಿ ಒಂದು ಕಿರಿದಾದ ದಾರಿ ಇದೆ, 10 ವರ್ಷಕ್ಕೇ ಕೇಳಬಹುದು. ಅನ್ಯಾಯ ಆದವರು ಒಬ್ಬರೇ ಆಗಿ 14ರಿಂದ 17ರ ವಯಸ್ಸಿನವರಾಗಿರಬೇಕು, ಮಾಡಿದವರಿಗೆ ಆಗ 21 ತುಂಬಿರಬಾರದು, ಹಿಂಸಾತ್ಮಕ ಅಪರಾಧಗಳ ಪಟ್ಟಿಯಲ್ಲಿ ಅದು ಇರಬಾರದು (ಇದಕ್ಕೆ ಸಣ್ಣ ವಿನಾಯಿತಿ ಇದೆ, ವಕೀಲರನ್ನು ಕೇಳಿ), ಆಮೇಲೆ ಹೊಸ ಲೈಂಗಿಕ ಅಥವಾ ಹಿಂಸೆಯ ಅಪರಾಧ ಇರಬಾರದು. ಮೂರನೇ ಟಯರಿನಲ್ಲಿ, ಅಪಾಯದ ಅಂಕ (ಮತ್ತೆ ಇಂಥ ಅಪರಾಧ ಮಾಡುವ ಸಾಧ್ಯತೆಯ ಅಂದಾಜು) ಜಾಸ್ತಿ ಬಂತು ಎಂಬ ಒಂದೇ ಕಾರಣಕ್ಕೆ ಸೇರಿದವರು 20 ವರ್ಷದ ನಂತರ ಕೇಳಬಹುದು. ಅಪರಾಧದ ಕಾರಣಕ್ಕೇ ಸೇರಿದವರಿಗೆ ಈ ಅರ್ಜಿ ಇಲ್ಲ.

ನನ್ನ ಕೇಸು ದಂಡ ಸಂಹಿತೆಯ 1203.4ರಲ್ಲಿ ಎಕ್ಸ್‌ಪಂಜ್ ಆಗಿದೆ, ಅಂದರೆ ಕೋರ್ಟು ಅದನ್ನು ವಜಾ ಮಾಡಿದೆ. ಇನ್ನೂ ಹೋಗಬೇಕಾ?

ಹೌದು, ಹೋಗಬೇಕು. ಇದನ್ನು ನಂಬಿ ನೋಂದಣಿ ಬಿಟ್ಟು ಹೊಸ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ. ಮುಂಚೆ ಪುನರ್ವಸತಿ ಪ್ರಮಾಣಪತ್ರ ತಗೊಂಡು ಹೊರಬರುವ ಒಂದು ದಾರಿ ಇತ್ತು, 2021ರ ಜುಲೈ 1ರಿಂದ ಅದರಿಂದ ನೋಂದಣಿ ನಿಲ್ಲುವುದಿಲ್ಲ. ಹಳೇ ಲೇಖನ ಓದಿ ಅದರ ಹಿಂದೆ ದುಡ್ಡು ಸುರಿಯಬೇಡಿ.

ಪಟ್ಟಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಎಲ್ಲರ ವಿಳಾಸವೂ ಕಾಣುತ್ತದಾ?

ಇಲ್ಲ. ಸಾಮಾನ್ಯವಾಗಿ ಮೂರನೇ ಟಯರಿನವರ ಪೂರ್ತಿ ವಿಳಾಸ, ಎರಡನೆಯವರ ಜಿಪ್ ಕೋಡ್, ಮೊದಲನೆಯವರಲ್ಲಿ ಹೆಚ್ಚಿನವರದು ಏನೂ ಇಲ್ಲ. ಪಟ್ಟಿಯಲ್ಲಿರುವವರು ತಮ್ಮದನ್ನೇ ನೋಡೋಣ ಎಂದು ಆ ಸೈಟಿಗೆ ಹೋಗುವುದೂ ಅಪರಾಧ, ಆರು ತಿಂಗಳ ತನಕ ಜೈಲಾಗಬಹುದು. ಹೆಂಡತಿಯೋ ವಕೀಲರೋ ನೋಡಿ ಹೇಳಲಿ. ಅಲ್ಲಿ ಸಿಕ್ಕ ಮಾಹಿತಿ ಹಿಡಿದು ಯಾರ ಮನೆ ಮುಂದಾದರೂ ಗಲಾಟೆ ಮಾಡುವುದೂ ಕಾನೂನಿಗೆ ವಿರುದ್ಧ, ಇದು ಅಕ್ಕಪಕ್ಕದವರಿಗೆ.

ಆದೇಶ ಸಿಕ್ಕಿದ ಮೇಲೆ ಸರ್ಕಾರದ ಸೈಟಿನಿಂದ ಹೆಸರು ಹೋಗುತ್ತದೆ. ಕೋರ್ಟಿನ ದಾಖಲೆ ಹೋಗುವುದಿಲ್ಲ. ಖಾಸಗಿ ಸೈಟುಗಳು ಎಂದೋ ನಕಲು ಮಾಡಿಕೊಂಡಿದ್ದನ್ನು ನೀವೇ ಬೆನ್ನು ಹತ್ತಿ ತೆಗೆಸಬೇಕು.

ಮಕ್ಕಳ ಶಾಲೆಗೆ, ಕನ್ನಡ ಕ್ಲಾಸಿಗೆ ಹೋಗಬಹುದಾ?

ಶಾಲೆಯ ಆವರಣಕ್ಕೆ ಕಾಲಿಡಲು ಅಲ್ಲಿ ನ್ಯಾಯವಾದ ಕೆಲಸ ಇರಬೇಕು, ಜೊತೆಗೆ ಮುಖ್ಯಸ್ಥರ ಲಿಖಿತ ಅನುಮತಿ ಬೇಕು. ಇಲ್ಲದಿದ್ದರೆ ಅದೇ ಒಂದು ಕೇಸು. ನಮ್ಮವರ ರಾಜ್ಯೋತ್ಸವ, ಯುಗಾದಿ, ವಾರಾಂತ್ಯದ ಕನ್ನಡ ತರಗತಿ ಎಷ್ಟೋ ಕಡೆ ನಡೆಯುವುದು ಬಾಡಿಗೆಗೆ ತಗೊಂಡ ಹೈಸ್ಕೂಲಿನಲ್ಲಿ. ಭಾನುವಾರ ಶಾಲೆ ಇಲ್ಲವಲ್ಲ ಎಂದು ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಡಿ, ಮೊದಲು ವಕೀಲರನ್ನು ಕೇಳಿ. ಮಕ್ಕಳಿಗೆ ನಾಟಕವೋ ಹಾಡೋ ಒಬ್ಬರೇ ಕಲಿಸುವ ಕೆಲಸಕ್ಕೆ, ಸ್ವಯಂಸೇವೆ ಆಗಿದ್ದರೂ, ನೀವು ಪಟ್ಟಿಯಲ್ಲಿದ್ದೀರಿ ಎಂದು ಮೊದಲೇ ಹೇಳಬೇಕು. ಅನ್ಯಾಯ ಆದವರು 16ರ ಒಳಗಿನವರಾಗಿದ್ದರೆ ಆ ಕೆಲಸವೇ ನಿಷಿದ್ಧ.

ಶಾಲೆಯ ಹತ್ತಿರ ಮನೆ ಮಾಡಬಾರದು ಅನ್ನುತ್ತಾರಲ್ಲ?

2006ರಲ್ಲಿ ಜನಮತದಿಂದ ಬಂದ ಕಾನೂನಿನಲ್ಲಿ ಶಾಲೆ, ಪಾರ್ಕಿನಿಂದ 2000 ಅಡಿ ದೂರ ಎಂದಿತ್ತು. ಸ್ಯಾನ್ ಡಿಯೇಗೋದಲ್ಲಿ ಪರೋಲಿನ ಮೇಲಿದ್ದವರಿಗೆಲ್ಲ ಅದನ್ನು ಒಂದೇ ಸಮ ಹಾಕುವುದು ತಪ್ಪು ಎಂದು 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು, ಮನೆ ಸಿಗದೆ ಜನ ಬೀದಿಗೆ ಬಿದ್ದಿದ್ದರು. ಆದರೂ ಬಾಡಿಗೆ ಒಪ್ಪಂದಕ್ಕೆ ಮೊದಲು ನಿಮ್ಮ ಊರಿನ ನಿಯಮ, ನಿಮ್ಮ ಪರೋಲ್ ಷರತ್ತು ನೋಡಿಕೊಳ್ಳಿ.

ಇಲ್ಲಿ ಹೆಸರು ಹೋದರೆ ಟೆಕ್ಸಸ್, ಫ್ಲೋರಿಡಾಗೆ ಹೋಗಿ ನೆಮ್ಮದಿಯಾಗಿ ಇರಬಹುದಾ?

ಗ್ಯಾರಂಟಿ ಇಲ್ಲ. ಕ್ಯಾಲಿಫೋರ್ನಿಯಾದ ಆದೇಶಕ್ಕೆ ಬೇರೆ ರಾಜ್ಯ ತಲೆಬಾಗಬೇಕೆಂದಿಲ್ಲ, ಹಳೇ ಶಿಕ್ಷೆ ನೋಡಿ ಅವರು ಮತ್ತೆ ಶುರುವಿನಿಂದ ನೋಂದಣಿ ಮಾಡಿಸಬಹುದು. ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಬೇರೆಯೇ ಇದೆ, ಅದರ ಲೆಕ್ಕ 15 ವರ್ಷ, 25 ವರ್ಷ, ಜೀವನಪರ್ಯಂತ. ನೋಂದಣಿ ಮಾಡಬೇಕಿದ್ದವರು ರಾಜ್ಯ ದಾಟಿ ಹೋಗಿ ಮಾಡದಿದ್ದರೆ ಫೆಡರಲ್ ಕೇಸಿನಲ್ಲಿ 10 ವರ್ಷದ ತನಕ ಶಿಕ್ಷೆ ಇದೆ. ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲೇ ಆ ರಾಜ್ಯದ ವಕೀಲರಿಗೆ ಒಂದು ಫೋನ್ ಮಾಡಿ.

ಊರಿಗೆ, ಅಂದರೆ ಬೆಂಗಳೂರಿಗೆ, ಹೋಗಿ ಬರಬಹುದಾ?

ಪಟ್ಟಿಯಲ್ಲಿ ಇರುವ ತನಕ, ವಿದೇಶಕ್ಕೆ ಹೊರಡುವ 21 ದಿನ ಮೊದಲು ನೋಂದಣಿ ಕಚೇರಿಗೆ ಪ್ರಯಾಣದ ವಿವರ ಕೊಡಬೇಕು, ಇದು ಫೆಡರಲ್ ನಿಯಮ. ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರಿ ಫೋನ್ ಬಂದಾಗ 21 ದಿನ ಎಲ್ಲಿಂದ ತರುವುದು? ಅಂಥ ಹೊತ್ತಿನಲ್ಲಿ ಕೂಡಲೇ ಕಚೇರಿಗೂ ವಕೀಲರಿಗೂ ಬರವಣಿಗೆಯಲ್ಲಿ ತಿಳಿಸಿ, ಹೇಳದೆ ವಿಮಾನ ಹತ್ತಬೇಡಿ.

ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆಯಾಗಿ ಇನ್ನೂ ಪಟ್ಟಿಯಲ್ಲಿರುವ ಅಮೆರಿಕದ ನಾಗರಿಕರ ಪಾಸ್‌ಪೋರ್ಟಿನ ಒಳಗೇ ಅದು ಅಚ್ಚಾಗಿರುತ್ತದೆ. 2016ರ ಅಂತರರಾಷ್ಟ್ರೀಯ ಮೇಗನ್ಸ್ ಲಾ ತಂದ ನಿಯಮ ಇದು. ಹೋಗುವ ದೇಶಕ್ಕೂ ಅಮೆರಿಕ ಸರ್ಕಾರ ಮೊದಲೇ ಸೂಚನೆ ಕಳಿಸಬಹುದು. ಒಳಗೆ ಬಿಡುವುದು ಬಿಡದಿರುವುದು ಆ ದೇಶದ ಇಷ್ಟ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆ ಅಚ್ಚು ಇಲ್ಲ, 21 ದಿನದ ನಿಯಮ ಇದೆ.

ಗ್ರೀನ್ ಕಾರ್ಡ್, ವೀಸಾ ಏನಾಗುತ್ತದೆ?

ನಮ್ಮವರಿಗೆ ಹೆಚ್ಚಿನ ಪೆಟ್ಟು ಬೀಳುವುದು ಇಲ್ಲೇ. ಅತ್ಯಾಚಾರ, ಅಪ್ರಾಪ್ತರ ಮೇಲಿನ ಲೈಂಗಿಕ ದೌರ್ಜನ್ಯ ಇವೆಲ್ಲ ವಲಸೆ ಕಾನೂನಿನಲ್ಲಿ ಅತಿ ಗಂಭೀರ ಗುಂಪಿನಲ್ಲಿವೆ, ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಎಕ್ಸ್‌ಪಂಜ್ ಆದ ಕೇಸೂ ವಲಸೆ ಇಲಾಖೆಗೆ ಸಾಮಾನ್ಯವಾಗಿ ಶಿಕ್ಷೆಯೇ. ನೋಂದಣಿ ಮುಗಿದ ಆದೇಶದಿಂದ ಇದು ಬದಲಾಗುವುದಿಲ್ಲ. ಹಾಗಾಗಿ ಪ್ಲೀ ಮಾಡುವ ಮೊದಲೇ ವಲಸೆ ವಕೀಲರು ಬೇಕು. ಗಡೀಪಾರಿನ ಅಪಾಯವನ್ನು ಕಕ್ಷಿದಾರರಿಗೆ ಹೇಳುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರ ಪಡಿಲ್ಲಾ ಕೇಸಿನಲ್ಲಿ ಹೇಳಿದೆ. ನೀವೇ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ಇನ್ನೊಂದು ಗೊತ್ತಿಲ್ಲದ ಹೊಡೆತ: ಮಕ್ಕಳ ವಿರುದ್ಧದ ನಿರ್ದಿಷ್ಟ ಅಪರಾಧಗಳಲ್ಲಿ ಶಿಕ್ಷೆಯಾದ ಅಮೆರಿಕದ ನಾಗರಿಕರು ಊರಿನಿಂದ ಹೆಂಡತಿಯನ್ನೋ ಅಪ್ಪ ಅಮ್ಮನನ್ನೋ ಕರೆಸಲು ಅರ್ಜಿ ಹಾಕುವಂತಿಲ್ಲ. 2006ರ ಆಡಮ್ ವಾಲ್ಶ್ ಕಾಯ್ದೆ ಇದು. ಅವರಿಗೆ ನನ್ನಿಂದ ಅಪಾಯ ಇಲ್ಲ ಎಂದು ಇಲಾಖೆಗೆ ಮನವರಿಕೆ ಮಾಡಿದರೆ ಮಾತ್ರ ವಿನಾಯಿತಿ. ಇದನ್ನು ಮುಚ್ಚಿಟ್ಟು ಊರಿನಲ್ಲಿ ಮದುವೆ ಮಾಡಿಸುವ ಮನೆಗಳಿವೆ. ಮೇಲಿನದೆಲ್ಲ ಕಾನೂನಿನ ಮಾತು, ಇದು ನನ್ನ ಮಾತು: ಆ ಹುಡುಗಿಗೆ ತಾಳಿ ಕಟ್ಟುವ ಮೊದಲೇ ಹೇಳಬೇಕು.

ಶಿಕ್ಷೆ ಮುಗಿದ ಮೇಲೂ ಇದು ಇನ್ನೊಂದು ಶಿಕ್ಷೆ ಅಲ್ವಾ?

ಅಲಾಸ್ಕಾದ ಪಟ್ಟಿಯ ಬಗ್ಗೆ 2003ರ ಸ್ಮಿತ್ ವಿರುದ್ಧ ಡೋ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಶಿಕ್ಷೆ ಅಲ್ಲ, ಬರೀ ನಾಗರಿಕ ನಿಯಂತ್ರಣ ಎಂದಿತು. ಅದಕ್ಕೇ ಹಳೇ ಕೇಸುಗಳಿಗೂ ಹೊಸ ನಿಯಮ ಹಾಕಬಹುದು. ಪೇಪರಿನಲ್ಲಿ ಹಾಗೆ. ಹುಟ್ಟುಹಬ್ಬದ ವಾರ ಸಾಲಿನಲ್ಲಿ ನಿಂತವರಿಗೆ ಅದನ್ನು ಒಪ್ಪಿಸುವುದು ಕಷ್ಟ. ಆದರೂ ಅರ್ಜಿಯಲ್ಲಿ ಈ ವಾದ ಹಿಡಿದು ಜಗಳಕ್ಕೆ ನಿಲ್ಲಬೇಡಿ, ಅದರಿಂದ ಹೆಸರು ಹೋಗುವುದಿಲ್ಲ.

ಭಾರತದಲ್ಲೂ ಇಂಥ ಪಟ್ಟಿ ಇದೆಯಾ?

ಇದೆ. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಇಲಾಖೆ ಶುರು ಮಾಡಿತು, ಆಗಲೇ ಸುಮಾರು 4.4 ಲಕ್ಷ ದಾಖಲೆ ಇದ್ದವು. ಅತ್ಯಾಚಾರ, ಪೋಕ್ಸೋ ಇಂಥ ಕೇಸುಗಳಲ್ಲಿ ಶಿಕ್ಷೆಯಾದವರು ಅದರಲ್ಲಿದ್ದಾರೆ. ಆದರೆ ಅದು ಪೊಲೀಸರಿಗೆ ಮಾತ್ರ ಕಾಣುತ್ತದೆ, ನೀವೂ ನಾನೂ ನೋಡಲು ಆಗುವುದಿಲ್ಲ. ಇಲ್ಲಿಯ ಹಾಗೆ ವರ್ಷಕ್ಕೊಮ್ಮೆ ಠಾಣೆಗೆ ಹೋಗಿ ನೋಂದಣಿ ಮಾಡಿಸುವ ಪದ್ಧತಿಯೂ ಅಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ. ನಾನೇ ಅರ್ಜಿ ಹಾಕಬಹುದಾ?

ಹಾಕಬಹುದು. ಒಂದನೇ ಟಯರ್, ಒಂದೇ ಕೇಸು, ಎಂದೂ ನೋಂದಣಿ ತಪ್ಪಿಲ್ಲ ಎಂದಾದರೆ ಫಾರ್ಮ್ ತುಂಬುವುದು ಅಂಥ ಕಷ್ಟವಲ್ಲ. ಹಲವು ಕೌಂಟಿಗಳ ಪಬ್ಲಿಕ್ ಡಿಫೆಂಡರ್ (ದುಡ್ಡಿಲ್ಲದವರ ಪರ ನಿಲ್ಲುವ ಸರ್ಕಾರಿ ವಕೀಲರು) ಕಚೇರಿಯಲ್ಲಿ ಇದಕ್ಕೆ ಸಹಾಯ ಸಿಗುತ್ತದೆ, ಮೊದಲು ಅಲ್ಲಿ ಕೇಳಿ. ಡಿಎ ವಿಚಾರಣೆ ಕೇಳಿದರೆ, ಬೇರೆ ರಾಜ್ಯದ ಕೇಸಿದ್ದರೆ, ವೀಸಾ ವಿಷಯ ಇದ್ದರೆ ಒಬ್ಬರೇ ಹೋಗಬೇಡಿ. ಹೋಗುವಾಗ ಟಯರ್ ಪತ್ರ, ಕೋರ್ಟಿನ ಹಳೇ ಆದೇಶ, ಈ ವರ್ಷದ ನೋಂದಣಿಯ ಪುರಾವೆ ಮೂರೂ ಕೈಯಲ್ಲಿರಲಿ. ಹುಟ್ಟುಹಬ್ಬ ಹತ್ತಿರ ಇದ್ದರೆ ಮೊದಲು ಪೊಲೀಸ್ ಕಚೇರಿ, ಆಮೇಲೆ ಕೋರ್ಟು.